ಶಿಷ್ಯತ್ವದ ತರಗತಿ ಮುಗಿಯಿತು, ಸೋಮವಾರ ಬಂತು

ಪ್ರಶ್ನೆ: ನಮ್ಮ ಸಭೆಯಲ್ಲಿ 12 ವಾರಗಳ ಶಿಷ್ಯತ್ವ ತರಬೇತಿ ನಡೆಯಿತು. ಒಂದು ವಾರವೂ ತಪ್ಪಿಸದೆ ಹೋದೆ, ಕೊನೆಗೆ ಪ್ರಮಾಣಪತ್ರವನ್ನೂ ಕೊಟ್ಟರು. ಆದರೆ ನನ್ನ ದಿನಗಳು ಮೊದಲು ಹೇಗಿದ್ದವೋ ಈಗಲೂ ಹಾಗೇ ಇವೆ. ನಾನು ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಖರ್ಚಿನ ವೋಚರುಗಳಿಗೆ ಹಿಂದಿನ ತಾರೀಖು ಹಾಕಿಕೊಡಿ ಎಂದು ಮೇಲಧಿಕಾರಿ ಆಗಾಗ ಹೇಳುತ್ತಾರೆ, ಹಾಕಿಕೊಡುತ್ತೇನೆ. ಮನೆಯಲ್ಲಿ ಅತ್ತೆಗೆ ಲಕ್ವ ಹೊಡೆದು ಒಂದೂವರೆ ವರ್ಷವಾಯಿತು. ಅವರನ್ನು ನೋಡಿಕೊಳ್ಳುವುದರಲ್ಲೇ ಬೆಳಗಿನ ಪ್ರಾರ್ಥನೆ ತಪ್ಪಿಹೋಗುತ್ತದೆ. ದಣಿವಿನಲ್ಲಿ ಅವರ ಮೇಲೆ ಸಿಡುಕುತ್ತೇನೆ, ಆಮೇಲೆ ಅಳುತ್ತೇನೆ. ಸಭೆಯ ಗಾಯನ ತಂಡದ ಒಬ್ಬ ಸಹೋದರಿಯ ಜೊತೆ ಮಾತು ಬಿಟ್ಟು ಎರಡು ವರ್ಷ. ಪೂರ್ಣಾವಧಿ ಸೇವೆಗೆ ಹೋದವರು ಮಾತ್ರ ನಿಜವಾದ ಶಿಷ್ಯರೇನೋ ಅನ್ನಿಸುತ್ತದೆ. ನನ್ನಂಥವಳು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಸಹೋದರಿ, ವೋಚರು, ಅತ್ತೆಯ ಹಾಸಿಗೆ, ಮಾತು ಬಿಟ್ಟ ಗೆಳತಿ ಇವೆಲ್ಲ ನಿಮ್ಮ ಶಿಷ್ಯತ್ವಕ್ಕೆ ಬಂದ ಅಡ್ಡಿಗಳೆಂದು ನೀವು ಬರೆದಿದ್ದೀರಿ. ಪತ್ರವನ್ನು ಎರಡು ಸಲ ಓದಿದ ಮೇಲೆ ನನಗನ್ನಿಸಿದ್ದು, ಕರ್ತನು ನಿಮಗೆ ಪಾಠ ಇಟ್ಟಿರುವುದೇ ಅಲ್ಲಿ. ಇದನ್ನು ಸಮಾಧಾನಕ್ಕೆಂದು ಹೇಳುತ್ತಿಲ್ಲ. ಹೊಸ ಒಡಂಬಡಿಕೆ ಶಿಷ್ಯರ ಬಗ್ಗೆ ಮಾತಾಡುವ ರೀತಿಯೇ ಹಾಗಿದೆ.

ಪೂರ್ಣಾವಧಿ ಸೇವಕರೇ ನಿಜವಾದ ಶಿಷ್ಯರು ಎಂಬ ಯೋಚನೆಯನ್ನು ಮೊದಲು ಬಿಡಿಸಿಬಿಡುತ್ತೇನೆ. ಹೊಸ ಒಡಂಬಡಿಕೆಯಲ್ಲಿ ‘ಕ್ರೈಸ್ತ’ ಎಂಬ ಪದ ಬರುವುದು ಮೂರೇ ಸಲ: ಅಪೊಸ್ತಲರ ಕೃತ್ಯಗಳಲ್ಲಿ ಎರಡು ಸಲ, ಪೇತ್ರನ ಮೊದಲ ಪತ್ರದಲ್ಲಿ ಒಂದು ಸಲ. ‘ಶಿಷ್ಯ’ ಎಂಬ ಪದ ಸುಮಾರು 260 ಸಲ ಬರುತ್ತದೆ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಅಂತಿಯೋಕ್ಯದಲ್ಲಿ ಎನ್ನುತ್ತಾನೆ ಅಪೊಸ್ತಲರ ಕೃತ್ಯಗಳನ್ನು ಬರೆದ ಲೂಕ. ಅಂದರೆ ಶಿಷ್ಯ ಎಂಬುದು ಎಲ್ಲ ವಿಶ್ವಾಸಿಗಳಿಗೂ ಅದಕ್ಕೆ ಮುಂಚಿನಿಂದ ಇದ್ದ ಹೆಸರು. ಸಾಮಾನ್ಯ ವಿಶ್ವಾಸಿಗಳು ಕೆಳಗೆ, ಶಿಷ್ಯರು ಒಂದು ಮೆಟ್ಟಿಲು ಮೇಲೆ ಎಂಬ ಲೆಕ್ಕ ಅಲ್ಲಿಲ್ಲ.

ಇನ್ನೊಂದು ಮಾತು ನಿಮಗೆಂದೇ ಹೇಳಬೇಕು. ‘ಶಿಷ್ಯ’ ಎಂಬುದರ ಮೂಲ ಗ್ರೀಕ್ ಪದದ ಸ್ತ್ರೀಲಿಂಗ ರೂಪ, ಅಂದರೆ ‘ಶಿಷ್ಯಳು’ ಎಂಬುದು, ಇಡೀ ಹೊಸ ಒಡಂಬಡಿಕೆಯಲ್ಲಿ ಒಂದೇ ಒಂದು ಕಡೆ ಬರುತ್ತದೆ. ಯೊಪ್ಪದಲ್ಲಿದ್ದ ತಬಿಥಾ ಎಂಬವಳಿಗೆ ಲೂಕ ಆ ಹೆಸರು ಕೊಡುತ್ತಾನೆ (ಅಪೊಸ್ತಲರ ಕೃತ್ಯಗಳು 9:36). ಅವಳು ಬೋಧಿಸಿದಳೆಂದು, ಊರೂರು ಸುತ್ತಿದಳೆಂದು ಅಲ್ಲಿ ಬರೆದಿಲ್ಲ. ಅವಳು ತೀರಿಕೊಂಡಾಗ ಪೇತ್ರ ಬರುತ್ತಾನೆ, ವಿಧವೆಯರು ಸುತ್ತ ನಿಂತು ಅಳುತ್ತಾ ಅವಳು ತಮ್ಮ ಜೊತೆ ಇದ್ದಾಗ ಮಾಡಿಕೊಟ್ಟ ಅಂಗಿಗಳನ್ನು, ಬಟ್ಟೆಗಳನ್ನು ಅವನಿಗೆ ತೋರಿಸುತ್ತಾರೆ. ಅವಳ ಶಿಷ್ಯತ್ವಕ್ಕೆ ಸಾಕ್ಷಿ ಆ ಬಟ್ಟೆಗಳೇ. ಅವು ಬೇರೆಯವರ ಮೈಮೇಲಿದ್ದವು.

ಹಾಗಾದರೆ 12 ವಾರದ ತರಬೇತಿ ಯಾಕೆ ನಿಮ್ಮ ಸೋಮವಾರವನ್ನು ಮುಟ್ಟಲಿಲ್ಲ? ನಿಮ್ಮ ಸಭೆಯನ್ನು ನಾನು ದೂರುವುದಿಲ್ಲ. ಸಭಾಪಾಲಕನಾಗಿದ್ದ ಮೊದಲ ವರ್ಷಗಳಲ್ಲಿ ನಾನೂ ಇಂಥ ತರಗತಿಗಳನ್ನು ನಡೆಸಿದೆ. ಹಾಜರಿ ಪುಸ್ತಕ ತುಂಬಿದ್ದನ್ನು ಕಂಡು ಸಂತೋಷಪಟ್ಟೆ. ಬಂದವರಲ್ಲಿ ಒಬ್ಬರನ್ನಾದರೂ ‘ಈ ವಾರ ಕೆಲಸದಲ್ಲಿ ಏನಾಯಿತು’ ಎಂದು ನಾನು ಕೇಳಲಿಲ್ಲ. ಆ ತಪ್ಪು ನನಗೆ ತಿಳಿದದ್ದು ತುಂಬಾ ತಡವಾಗಿ.

ಯೇಸು ಹನ್ನೆರಡು ಮಂದಿಯನ್ನು ನೇಮಿಸಿದ್ದು ಯಾಕೆ ಎಂದು ಮಾರ್ಕ ಬರೆಯುವಾಗ ಮೊದಲ ಕಾರಣವಾಗಿ ಕೊಡುವುದು ‘ತನ್ನ ಸಂಗಡ ಇರುವುದಕ್ಕಾಗಿ’ ಎಂದು (3:14). ಸಾರುವುದು, ದೆವ್ವ ಬಿಡಿಸುವುದು ಆಮೇಲೆ ಬರುತ್ತವೆ. ನಮ್ಮ ಭಾಷೆಯಲ್ಲೂ ಶಿಷ್ಯ ಎಂದ ಕೂಡಲೇ ಗುರುವಿನ ಮನೆಯಲ್ಲಿ ಇದ್ದುಕೊಂಡು ಕಲಿಯುವವನು ನೆನಪಾಗುತ್ತಾನಲ್ಲವೇ? ಗುರು ಹೇಗೆ ಏಳುತ್ತಾನೆ, ಬಂದವರನ್ನು ಹೇಗೆ ಮಾತಾಡಿಸುತ್ತಾನೆ, ಸಿಟ್ಟು ಬಂದಾಗ ಏನು ಮಾಡುತ್ತಾನೆ ಎಂಬುದೆಲ್ಲ ಅಲ್ಲಿ ಪಾಠವೇ. ಶಿಷ್ಯರು ಯೇಸುವಿನೊಂದಿಗೆ ದೋಣಿಯಲ್ಲಿ ಹೆದರಿದರು, ದಾರಿಯಲ್ಲಿ ಯಾರು ದೊಡ್ಡವರೆಂದು ಜಗಳವಾಡಿದರು, ರೊಟ್ಟಿ ತರಲು ಮರೆತರು. ಆತನು ಆ ಸಂದರ್ಭಗಳನ್ನೇ ಹಿಡಿದು ಕಲಿಸಿದನು. ಮತ್ತಾಯನ ಸುವಾರ್ತೆಯ ಕೊನೆಯ ಆಜ್ಞೆಯನ್ನು ನಿಧಾನವಾಗಿ ಓದಿ: ನಾನು ಆಜ್ಞಾಪಿಸಿದ್ದನ್ನೆಲ್ಲಾ ಅವರಿಗೆ ಉಪದೇಶಿಸಿರಿ ಎಂದು ಅಲ್ಲಿಲ್ಲ, ಅದನ್ನೆಲ್ಲಾ ಕಾಪಾಡಿಕೊಂಡು ನಡೆಯುವುದಕ್ಕೆ ಉಪದೇಶಿಸಿರಿ ಎಂದಿದೆ. ‘ನಡೆಯುವುದಕ್ಕೆ’ ಎಂಬ ಆ ಒಂದು ಪದ ನಮ್ಮ ಎಷ್ಟೋ ತರಗತಿಗಳಲ್ಲಿ ಬಿಟ್ಟುಹೋಗಿದೆ.

ಈಗ ವೋಚರಿನ ವಿಷಯ. ಅದೇ ನಿಮ್ಮನ್ನು ಹೆಚ್ಚು ಕೊರೆಯುತ್ತಿದೆ ಎಂದು ನನಗನ್ನಿಸಿತು.

ಲೂಕ 3ರಲ್ಲಿ ಸ್ನಾನಿಕನಾದ ಯೋಹಾನನ ಬಳಿಗೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ, ‘ನಾವೇನು ಮಾಡಬೇಕು?’ ಎಂದು. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದು ಕೊಡಲಿ ಎಂದು ಅವನು ಜನರಿಗೆ ಹೇಳಿದನು. ಸುಂಕದವರಿಗೆ ಸಿಕ್ಕಿದ ಉತ್ತರ, ನೇಮಕವಾದದ್ದಕ್ಕಿಂತ ಹೆಚ್ಚು ಎತ್ತಬೇಡಿ. ಸಿಪಾಯಿಗಳಿಗೆ, ಯಾರನ್ನೂ ಬೆದರಿಸಿ ಹಣ ಕೀಳಬೇಡಿ, ಸುಳ್ಳು ದೂರು ಹೊರಿಸಬೇಡಿ, ಬರುವ ಸಂಬಳದಲ್ಲಿ ತೃಪ್ತರಾಗಿರಿ. ಸುಂಕದ ಕೆಲಸಕ್ಕೆ ಆ ಕಾಲದಲ್ಲಿ ಬಹಳ ಕೆಟ್ಟ ಹೆಸರಿತ್ತು. ಆದರೂ ಕೆಲಸ ಬಿಟ್ಟು ಅರಣ್ಯಕ್ಕೆ ಬನ್ನಿ ಎಂದು ಅವನು ಅವರಿಗೆ ಹೇಳಲಿಲ್ಲ. ಆ ಕೆಲಸದಲ್ಲಿ ಪಾಪ ಯಾವ ಜಾಗದಲ್ಲಿ ಕೂತಿದೆಯೋ ಸರಿಯಾಗಿ ಅಲ್ಲಿಗೆ ಬೆರಳಿಟ್ಟನು. ಯೇಸು ಲೇವಿಯನ್ನು ಸುಂಕದ ಕಟ್ಟೆಯಿಂದ ಎಬ್ಬಿಸಿಕೊಂಡು ಹೋದನು, ನಿಜ. ಜಕ್ಕಾಯನನ್ನು ಎಬ್ಬಿಸಿಕೊಂಡು ಹೋಗಲಿಲ್ಲ. ಅವನು ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಎಂದು ಎದ್ದು ನಿಂತು ಹೇಳಿದಾಗ, ಈ ಮನೆಗೆ ರಕ್ಷಣೆ ಬಂತು ಎಂದನು. ಒಂದೇ ಕಸುಬಿನವರು ಇಬ್ಬರೂ. ಒಬ್ಬನಿಗೆ ಬಿಟ್ಟು ಬಾ ಎಂಬ ಕರೆ ಬಂತು, ಇನ್ನೊಬ್ಬನಿಗೆ ತನ್ನ ಊರಿನಲ್ಲೇ, ಎಲ್ಲರ ಕಣ್ಣೆದುರು ಲೆಕ್ಕ ಸರಿಮಾಡುವ ಹೊಣೆ ಬಂತು.

ಸಭೆ ಈ ಪ್ರಶ್ನೆಯನ್ನು ಮೊದಲಿನಿಂದಲೂ ಗಂಭೀರವಾಗಿ ತೆಗೆದುಕೊಂಡಿದೆ. ರೋಮ್‌ನ ಹಿಪ್ಪೊಲಿಟಸ್‌ನ ಹೆಸರಿನಲ್ಲಿ ಬಂದಿರುವ ಒಂದು ಹಳೆಯ ಸಭಾ ಕ್ರಮದಲ್ಲಿ, ದೀಕ್ಷಾಸ್ನಾನಕ್ಕೆ ಬರುವವರು ಸಾಮಾನ್ಯವಾಗಿ ಮೂರು ವರ್ಷ ವಾಕ್ಯ ಕೇಳಬೇಕು ಎಂದಿದೆ. ಬಂದ ಕೂಡಲೇ ಅವರ ಕಸುಬು ಏನೆಂದು ವಿಚಾರಿಸಬೇಕು. ವಿಗ್ರಹ ಕೆತ್ತುವವನು ಅದನ್ನು ಬಿಡಬೇಕು, ಅಖಾಡದಲ್ಲಿ ಕೊಲ್ಲುವವನು ಬಿಡಬೇಕು. ಮಕ್ಕಳಿಗೆ ಲೋಕದ ವಿದ್ಯೆ ಕಲಿಸುವವನು ಬಿಟ್ಟರೆ ಒಳ್ಳೆಯದು, ಆದರೆ ಅವನಿಗೆ ಬೇರೆ ಕಸುಬು ಗೊತ್ತಿಲ್ಲದಿದ್ದರೆ ಮುಂದುವರಿಯಲಿ. ಈ ಕೊನೆಯ ಸಾಲು ನನಗೆ ಬಹಳ ಪ್ರಿಯ. ಅಷ್ಟು ಕಟ್ಟುನಿಟ್ಟಿನ ಪಟ್ಟಿಯ ನಡುವೆ ಒಬ್ಬ ಬಡ ಮೇಷ್ಟ್ರ ಹೊಟ್ಟೆಪಾಡನ್ನು ನೆನೆದ ಹಿರಿಯರ ಮನಸ್ಸು ಅಲ್ಲಿ ಕಾಣುತ್ತದೆ. ಇನ್ನು ದೀಕ್ಷಾಸ್ನಾನದ ಸಮಯ ಬಂದಾಗ ಅವರು ಪರೀಕ್ಷಿಸುತ್ತಿದ್ದುದು ಏನನ್ನು? ಇವರು ವಿಧವೆಯರನ್ನು ಗೌರವಿಸಿದರೋ, ರೋಗಿಗಳನ್ನು ಹೋಗಿ ನೋಡಿದರೋ ಎಂದು, ಕರೆತಂದವರ ಸಾಕ್ಷಿಯ ಮೇಲೆ ತಿಳಿದುಕೊಳ್ಳುತ್ತಿದ್ದರು.

ನಿಮ್ಮ ಕೆಲಸ ಪಾಪದ ಕೆಲಸವಲ್ಲ. ಲೆಕ್ಕ ಸರಿಯಾಗಿಡುವುದು ನೆರೆಯವರಿಗೆ ಮಾಡುವ ಸೇವೆ. ಸುಳ್ಳು ಲೆಕ್ಕದಿಂದ ಎಷ್ಟು ಮನೆಗಳು ಮುಳುಗುತ್ತವೆಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೆ ಹಿಂದಿನ ತಾರೀಖು ಸುಳ್ಳು. ಅದನ್ನು ಮೆತ್ತಗೆ ಮಾಡಿ ಹೇಳಲು ನನಗೆ ದಾರಿ ಕಾಣುತ್ತಿಲ್ಲ. ಇನ್ನು ಮುಂದೆ ಹಾಕಬೇಡಿ.

ಹಾಗೆಂದು ನಾಳೆಯೇ ರಾಜೀನಾಮೆ ಬರೆಯಬೇಕಿಲ್ಲ, ಕಚೇರಿಯಲ್ಲಿ ಎಲ್ಲರೆದುರು ಪ್ರಸಂಗ ಮಾಡಬೇಕಿಲ್ಲ. ದಾನಿಯೇಲ ಬಾಬೆಲಿನ ಅರಮನೆಯಲ್ಲಿ ಏನು ಮಾಡಿದನೆಂದು ನೋಡಿ. ರಾಜನ ಊಟದಿಂದ ಅಶುದ್ಧನಾಗಬಾರದೆಂದು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡ. ಆಮೇಲೆ ಅಧಿಕಾರಿಯ ಬಳಿ ಅಪ್ಪಣೆ ಕೇಳಿಕೊಂಡ. ಆ ಅಧಿಕಾರಿ, ರಾಜನಿಗೆ ತಿಳಿದರೆ ನನ್ನ ತಲೆ ಹೋಗುತ್ತದೆ ಎಂದು ಹೆದರಿದಾಗ ಅವನ ಹೆದರಿಕೆಯನ್ನು ತಳ್ಳಿಹಾಕಲಿಲ್ಲ. ಹತ್ತು ದಿನ ಬರೀ ಕಾಯಿಪಲ್ಯ, ನೀರು ಕೊಟ್ಟು ನಮ್ಮನ್ನು ಪರೀಕ್ಷಿಸಿ ನೋಡಿ ಎಂದು ಮೇಲ್ವಿಚಾರಕನಿಗೆ ಹೇಳಿ, ಆಗುಮಾಡಬಹುದಾದ ಒಂದು ದಾರಿಯನ್ನು ಮುಂದಿಟ್ಟ. ನಿಶ್ಚಯ ಕಲ್ಲಿನಂತೆ, ಮಾತು ಮೃದು, ಕೈಯಲ್ಲಿ ಒಂದು ಬದಲಿ ಉಪಾಯ. ನೀವೂ ಮೇಲಧಿಕಾರಿಯನ್ನು ಒಬ್ಬರೇ ಇದ್ದಾಗ ನೋಡಿ. ‘ಸರ್, ಹಿಂದಿನ ತಾರೀಖು ಹಾಕುವುದು ಇನ್ನು ನನ್ನಿಂದ ಆಗುವುದಿಲ್ಲ. ಇವತ್ತಿನ ತಾರೀಖು ಹಾಕಿ, ತಡವಾದದ್ದಕ್ಕೆ ಕಾರಣವನ್ನು ಕೆಳಗೆ ಬರೆದು ಕೊಡುತ್ತೇನೆ’ ಎನ್ನಿ. ಅಷ್ಟೇ ಹೇಳಿ ನಿಲ್ಲಿಸಿ. ನಾನು ಕ್ರೈಸ್ತಳು, ಹಾಗಾಗಿ ಸುಳ್ಳು ಬರೆಯುವುದಿಲ್ಲ ಎಂದು ಮೊದಲೇ ಹೇಳಿದರೆ, ಮಿಕ್ಕವರೆಲ್ಲ ಸುಳ್ಳರು ಎಂದ ಹಾಗೆ ಕೇಳಿಸುತ್ತದೆ. ಯಾಕೆ ಎಂದು ಅವರಾಗಿ ಕೇಳಿದರೆ ಹೇಳಿ. ಪೇತ್ರನ ಪತ್ರದಲ್ಲೂ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಅದನ್ನು ಸಾತ್ವಿಕತ್ವದಿಂದ ಕೊಡಿ ಎಂದೇ ಇದೆ.

ಇದರಿಂದ ನಷ್ಟವಾಗಬಹುದು. ಬಡ್ತಿ ತಪ್ಪಬಹುದು, ವಿಭಾಗ ಬದಲಾಗಬಹುದು, ಕೆಲಸವೇ ಹೋಗಬಹುದು. ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಯೇಸು ಕೇಳಿದ್ದು ಇಂಥ ಹೊತ್ತಿಗಾಗಿಯೇ (ಲೂಕ 14:28). ಆದ್ದರಿಂದ ಮೇಲಧಿಕಾರಿಯ ಬಳಿಗೆ ಹೋಗುವ ಮೊದಲು ನಿಮ್ಮ ಯಜಮಾನರ ಜೊತೆ ಕೂತು ಆ ಲೆಕ್ಕ ಹಾಕಿ. ಕೆಲಸ ಹೋದರೆ ಎಷ್ಟು ತಿಂಗಳು ನಡೆಯುತ್ತದೆ, ಅತ್ತೆಯ ಔಷಧಿಗೆ ಏನು ಮಾಡುವುದು, ಎಲ್ಲವನ್ನೂ ಮಾತಾಡಿ. ಒಬ್ಬಳು ಶಿಲುಬೆ ಹೊತ್ತರೆ ಅದರ ಭಾರ ಮನೆಯವರ ಮೇಲೂ ಬೀಳುತ್ತದೆ. ಅವರಿಗೆ ತಿಳಿಸದೆ ಹೊರಿಸುವುದು ಸರಿಯಲ್ಲ. ಆಗಲೇ ಹಾಕಿಕೊಟ್ಟ ವೋಚರುಗಳ ವಿಷಯವನ್ನು ಮಾತ್ರ ಅವಸರದಲ್ಲಿ ಬಿಚ್ಚಬೇಡಿ. ದೇವರ ಮುಂದೆ ಇವತ್ತೇ ಒಪ್ಪಿಕೊಳ್ಳಿ. ಮನುಷ್ಯರ ಮುಂದೆ ಸರಿಪಡಿಸುವುದು ಹೇಗೆಂದು ನಂಬಿಕಸ್ಥರಾದ ಒಬ್ಬ ಹಿರಿಯರನ್ನೂ ಕಾನೂನು ತಿಳಿದ ಒಬ್ಬರನ್ನೂ ಕೇಳಿ ಹೆಜ್ಜೆ ಇಡಿ.

ಅತ್ತೆಯ ವಿಷಯ ಬರೆಯುವಾಗ ನೀವು ಬಳಸಿದ ಒಂದು ಪದ ನನ್ನನ್ನು ತಡೆದು ನಿಲ್ಲಿಸಿತು: ಪ್ರಾರ್ಥನೆ ‘ತಪ್ಪಿಹೋಗುತ್ತದೆ’ ಎಂದಿದ್ದೀರಿ. ಆರನೆಯ ಶತಮಾನದಲ್ಲಿ ಬೆನೆಡಿಕ್ಟ್ ತನ್ನ ಮಠವಾಸಿಗಳಿಗೆ 73 ಅಧ್ಯಾಯಗಳ ನಿಯಮಾವಳಿ ಬರೆದ. ಬಹುಪಾಲು ಪ್ರಾರ್ಥನೆಯ ಹೊತ್ತು, ಊಟ, ನಿದ್ದೆ, ಕೆಲಸ ಇಂಥವೇ. ಅದರಲ್ಲಿ ಉಗ್ರಾಣ ನೋಡಿಕೊಳ್ಳುವವನಿಗೆ ಹೇಳಿದ ಮಾತೊಂದಿದೆ: ಮಠದ ಪಾತ್ರೆಪಗಡಿ, ಸಲಕರಣೆಗಳನ್ನೆಲ್ಲ ಯಜ್ಞವೇದಿಯ ಪವಿತ್ರ ಪಾತ್ರೆಗಳೆಂದೇ ಎಣಿಸಬೇಕು. ಇನ್ನೊಂದು ಅಧ್ಯಾಯದಲ್ಲಿ, ಎಲ್ಲಕ್ಕಿಂತ ಮೊದಲು ರೋಗಿಗಳ ಆರೈಕೆ, ಅವರಿಗೆ ಮಾಡುವ ಸೇವೆ ಕ್ರಿಸ್ತನಿಗೇ ಮಾಡುವ ಸೇವೆ ಎನ್ನುತ್ತಾನೆ. ದಿನಕ್ಕೆ ಅಷ್ಟು ಸಲ ಕೀರ್ತನೆ ಹಾಡಬೇಕೆಂದು ಗಂಟೆ ಗೊತ್ತುಮಾಡಿದವನೇ ಈ ಮಾತನ್ನೂ ಬರೆದದ್ದು. ಅತ್ತೆಯ ಮೈ ಒರೆಸುವ ಬಟ್ಟೆ, ಅವರ ಔಷಧಿಯ ಬಟ್ಟಲು, ಹಾಸಿಗೆಯ ಪಕ್ಕದ ತಂಬಿಗೆ ಇವನ್ನು ಆ ಕಣ್ಣಿನಿಂದ ನೋಡಿ.

ನೋಡಿದ ಮಾತ್ರಕ್ಕೆ ದಣಿವು ಹೋಗುವುದಿಲ್ಲ. ಪ್ಯಾರಿಸಿನ ಮಠವೊಂದರ ಅಡುಗೆಮನೆಯಲ್ಲಿ ದುಡಿದ ಸಹೋದರ ಲಾರೆನ್ಸ್ ಎಂಬ ಕಾರ್ಮೆಲೈಟ್ ಸನ್ಯಾಸಿ 1691ರಲ್ಲಿ ತೀರಿಕೊಂಡರು. ಪಾತ್ರೆಗಳ ಸದ್ದಿನ ನಡುವೆ ದೇವರ ಸನ್ನಿಧಿಯಲ್ಲಿ ಇರುವುದನ್ನು ಕಲಿತವರೆಂದು ಅವರನ್ನು ಎಲ್ಲರೂ ನೆನೆಯುತ್ತಾರೆ. ಅಡುಗೆಮನೆಯ ಕೆಲಸವೆಂದರೆ ಅವರಿಗೆ ಸ್ವಭಾವದಿಂದಲೇ ಆಗುತ್ತಿರಲಿಲ್ಲ ಎಂಬುದನ್ನು ಮಾತ್ರ ಹೇಳುವವರು ಕಡಿಮೆ. ಇಷ್ಟವಿಲ್ಲದ ಕೆಲಸವನ್ನು ವರ್ಷಗಟ್ಟಲೆ ದೇವರಿಗಾಗಿ ಮಾಡುತ್ತಾ ಅವರು ಅಲ್ಲಿಗೆ ಮುಟ್ಟಿದ್ದು. ಸಿಡುಕು ಬಂತೆಂದು ನೀವು ಶಿಷ್ಯಳಲ್ಲದೆ ಹೋಗುವುದಿಲ್ಲ. ಸಿಡುಕಿದ ಮೇಲೆ ಏನು ಮಾಡುತ್ತೀರಿ ಎಂಬುದು ಮುಖ್ಯ. ಒಬ್ಬರೇ ಕೂತು ಅಳುವ ಬದಲು ಅತ್ತೆಯ ಕೈ ಹಿಡಿದು ‘ಅತ್ತೇ, ಈಗ ಹಾಗೆ ಮಾತಾಡಬಾರದಿತ್ತು’ ಎಂದು ಹೇಳಿ. ಅವರಿಗೆ ತಿರುಗಿ ಮಾತಾಡಲು ಆಗದಿದ್ದರೂ ಕೇಳಿಸುತ್ತಿರಬಹುದು. ಹಾಸಿಗೆ ಹಿಡಿದವರು ತಾವು ಭಾರವಾದೆವೆಂದು ಕೊರಗುತ್ತಿರುತ್ತಾರೆ. ಆ ಒಂದು ಮಾತು ಅವರ ಎದೆಯ ಕಲ್ಲನ್ನು ಎಷ್ಟು ಇಳಿಸುತ್ತದೆಂಬುದನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ.

ಪ್ರಾರ್ಥನೆಗೆ ಬೆಳಗಿನ ಒಂದು ಗಂಟೆ ಸಿಗುವ ತನಕ ಕಾಯಬೇಡಿ. ಸಭೆಯ ತೀರಾ ಆರಂಭದ ಕಾಲದ, ದಿದಖೆ ಎಂಬ ಸಣ್ಣ ಕೈಪಿಡಿ ವಿಶ್ವಾಸಿಗಳಿಗೆ ಹೇಳುವುದು ಇಷ್ಟೇ: ಕರ್ತನು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿರಿ. ನಿಧಾನವಾಗಿ ಹೇಳಿದರೂ ಒಂದು ನಿಮಿಷ ಹಿಡಿಯುವುದಿಲ್ಲ. ಬೆಳಿಗ್ಗೆ ಅತ್ತೆಯ ಹಾಸಿಗೆಯ ಬಳಿ ಅವರಿಗೂ ಕೇಳಿಸುವ ಹಾಗೆ ಒಂದು ಸಲ, ಕಚೇರಿಯಲ್ಲಿ ಮಧ್ಯಾಹ್ನ ಮನಸ್ಸಿನಲ್ಲೇ ಒಂದು ಸಲ, ರಾತ್ರಿ ಮನೆಯವರ ಜೊತೆ ಒಂದು ಸಲ. ಆ ಪ್ರಾರ್ಥನೆಯಲ್ಲಿ ‘ನನ್ನ’ ಎಂಬ ಪದವೇ ಇಲ್ಲ. ‘ನಮ್ಮ ತಂದೆ’, ‘ನಮ್ಮ ಆಹಾರ’, ‘ನಮ್ಮ ತಪ್ಪು’. ಒಬ್ಬರೇ ಕೂತು ಹೇಳಿದರೂ ಅದು ಎಲ್ಲರ ಪ್ರಾರ್ಥನೆ. ದೀರ್ಘ ಓದಿಗೆ, ಮೌನಕ್ಕೆ ವಾರದಲ್ಲಿ ಒಂದು ಹೊತ್ತು ಸಿಕ್ಕಿದರೆ ಅದು ವರ.

ಆ ಹೊತ್ತು ಸಿಗಬೇಕಾದರೆ ಯಾರಾದರೂ ಅತ್ತೆಯ ಪಕ್ಕ ಕೂರಬೇಕು. ಇದನ್ನು ಕೇಳಿಕೊಳ್ಳುವುದು ನಮ್ಮಲ್ಲಿ ಅನೇಕರಿಗೆ ಬಹಳ ಕಷ್ಟ, ಸಹಾಯ ಕೇಳಿದರೆ ವಿಶ್ವಾಸ ಕಡಿಮೆಯಾಯಿತು ಎಂದು ಭಾವಿಸುತ್ತೇವೆ. ಗಲಾತ್ಯ 6ರಲ್ಲಿ ಪೌಲ ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿರಿ ಎನ್ನುತ್ತಾನೆ. ಮೂರು ವಚನ ಕಳೆದ ಮೇಲೆ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕು ಎನ್ನುತ್ತಾನೆ. ಮೇಲ್ನೋಟಕ್ಕೆ ವಿರೋಧವಾಗಿ ಕಂಡರೂ ಗ್ರೀಕಿನಲ್ಲಿ ಎರಡು ಬೇರೆ ಪದಗಳಿವೆ. ಮೊದಲನೆಯದು ಜಗ್ಗಿಸಿ ಬೀಳಿಸುವ ಭಾರ, ಎರಡನೆಯದು ಪಯಣಿಗನೊಬ್ಬನ ಹೆಗಲ ಗಂಟು. ಸೊಸೆಯಾಗಿ ನಿಮ್ಮ ಪಾಲಿಗಿರುವುದು ಹೆಗಲ ಗಂಟು. ಒಂದೂವರೆ ವರ್ಷ ಬಿಡುವಿಲ್ಲದೆ ಒಬ್ಬರೇ ಹೊತ್ತರೆ ಅದು ಭಾರವೇ ಆಗುತ್ತದೆ, ಅದಕ್ಕೆ ಹೆಗಲು ಕೊಡುವುದು ಸಭೆಯ ಕರ್ತವ್ಯ. ಮನೆಯ ಗಂಡಸರ ಕರ್ತವ್ಯ ಅದಕ್ಕೂ ಮೊದಲಿನದು, ಅದನ್ನು ಇಲ್ಲಿ ಬರೆಯದೆ ಬಿಡಲಾರೆ.

ಮಾತು ಬಿಟ್ಟ ಸಹೋದರಿಯ ವಿಷಯದಲ್ಲಿ ವಾಕ್ಯ ಎಷ್ಟು ನೇರವಾಗಿದೆ ಎಂದರೆ ನಾನು ಹೆಚ್ಚು ಬರೆಯುವ ಅಗತ್ಯವಿಲ್ಲ. ನಿನ್ನ ಮೇಲೆ ಸಹೋದರನಿಗೆ ಏನೋ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ಅವನ ಸಂಗಡ ಸಮಾಧಾನವಾಗು ಎನ್ನುತ್ತಾನೆ ಯೇಸು. ತಪ್ಪು ಅವನದೇ ಆಗಿದ್ದರೆ? ಆಗಲೂ ನೀನೇ ಹೋಗು, ಒಬ್ಬನೇ ಇದ್ದಾಗ ಹೇಳು (ಮತ್ತಾಯ 18:15). ಎರಡು ಕಡೆಯಿಂದಲೂ ಮೊದಲ ಹೆಜ್ಜೆ ಕೇಳಿಸಿಕೊಂಡವರದೇ. ಫಿಲಿಪ್ಪಿಯ ಸಭೆಯಲ್ಲೂ ಸುವಾರ್ತೆಗಾಗಿ ಪೌಲನ ಜೊತೆ ಹೋರಾಡಿದ ಇಬ್ಬರು ಸ್ತ್ರೀಯರ ನಡುವೆ ಮನಸ್ತಾಪವಿತ್ತು. ಅವನು ಇಬ್ಬರನ್ನೂ ಹೆಸರು ಹಿಡಿದು ಬೇಡಿಕೊಂಡ, ನೀನು ಅವರಿಗೆ ಸಹಾಯಮಾಡು ಎಂದು ಇನ್ನೊಬ್ಬರಿಗೂ ಹೇಳಿದ. ಎರಡು ವರ್ಷದ ಮೌನ ಆದಮೇಲೆ ಮಧ್ಯೆ ಒಬ್ಬರು ಬೇಕಾಗಬಹುದು. ನೀವು ಮಾತಾಡುವಾಗ ನಿಮ್ಮ ಪಾಲಿನ ತಪ್ಪನ್ನು ಮಾತ್ರ ಹೇಳಿ. ‘ಆದರೆ ನೀವೂ...’ ಎಂಬುದು ಬಾಯಿಗೆ ಬಂದರೆ ಅಲ್ಲೇ ನುಂಗಿ. ಅವರು ಮುಖ ತಿರುಗಿಸಿದರೆ, ನಿಮ್ಮಿಂದಾಗುವ ಮಟ್ಟಿಗೆ ಎಂದು ಪೌಲನೇ ಅಳತೆ ಹಾಕಿಕೊಟ್ಟಿದ್ದಾನೆ. ನಿಮ್ಮ ಪಾಲು ಆಯಿತು. ಇದು ಮನಸ್ತಾಪದ ಮಾತು. ಹಿಂಸೆ, ದೌರ್ಜನ್ಯ ಅನುಭವಿಸಿದವರನ್ನು ಕ್ಷಮೆಯ ಹೆಸರಿನಲ್ಲಿ ಮತ್ತೆ ಅದೇ ಕೈಗೆ ಒಪ್ಪಿಸುವುದನ್ನು ಈ ವಚನಗಳು ಕಲಿಸುವುದಿಲ್ಲ.

ಇಷ್ಟನ್ನು ಓದಿ, ಸರಿ, ಮಾಡುತ್ತೇನೆ ಎಂದು ನೀವು ಎದ್ದರೂ ಮೂರು ವಾರದಲ್ಲಿ ಮೊದಲಿನ ಜಾಗಕ್ಕೇ ಬಂದಿರುತ್ತೀರಿ. ಶಕ್ತಿ ಕಡಿಮೆಯೆಂದಲ್ಲ, ಒಬ್ಬರೇ ಇರುವುದರಿಂದ. ನಾನು ಈ ಉತ್ತರದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ: ನಿಮ್ಮ ವಾರ ಹೇಗಿತ್ತೆಂದು ನಿಜವಾಗಿ ತಿಳಿದಿರುವ ಇಬ್ಬರು ಮೂವರು ನಿಮಗೆ ಬೇಕು.

1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥಡಿಸ್ಟ್ ಪಂಥಕ್ಕೆ ನಾಂದಿ ಹಾಡಿದ ಬೋಧಕ ಜಾನ್ ವೆಸ್ಲಿಯವರ ಸಂಘದವರು ಕಟ್ಟಡದ ಸಾಲ ತೀರಿಸುವುದು ಹೇಗೆಂದು ಕೂತು ಮಾತಾಡುತ್ತಿದ್ದರು. ಒಬ್ಬರು, ಪ್ರತಿ ಸದಸ್ಯನೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದರು. ಬಡವರಿಗೆ ಅದೂ ಆಗುವುದಿಲ್ಲ ಎಂದು ಇನ್ನೊಬ್ಬರು ಹೇಳಿದಾಗ, ‘ತೀರಾ ಬಡವರಾದ ಹನ್ನೊಂದು ಮಂದಿಯನ್ನು ನನಗೆ ಒಪ್ಪಿಸಿ, ವಾರವಾರ ಹೋಗಿ ನೋಡುತ್ತೇನೆ, ಅವರಿಗೆ ಆಗದಿದ್ದರೆ ಅವರ ಪಾಲನ್ನೂ ನಾನೇ ಕೊಡುತ್ತೇನೆ’ ಎಂದರು ಆ ಮೊದಲನೆಯವರು. ಹೀಗೆ ಹನ್ನೆರಡು ಹನ್ನೆರಡು ಜನರ ಗುಂಪುಗಳಾದವು. ಪೆನ್ನಿ ವಸೂಲಿಗೆಂದು ಮನೆಮನೆಗೆ ಹೋದ ಮುಖಂಡರಿಗೆ ಬೇರೇನೋ ಕಣ್ಣಿಗೆ ಬಿತ್ತು: ಒಬ್ಬ ಕುಡಿತಕ್ಕೆ ಮರಳಿದ್ದಾನೆ, ಇನ್ನೊಂದು ಮನೆಯಲ್ಲಿ ಗಂಡಹೆಂಡಿರ ಜಗಳ, ಇಂಥವು. ಇಷ್ಟು ದಿನ ನಾವು ಹುಡುಕುತ್ತಿದ್ದುದು ಇದನ್ನೇ ಎಂದು ವೆಸ್ಲಿಯವರಿಗೆ ಹೊಳೆಯಿತು. ಮನೆಮನೆಗೆ ಹೋಗುವುದು ಕಷ್ಟವಾದಾಗ ವಾರಕ್ಕೊಮ್ಮೆ ಎಲ್ಲರೂ ಒಂದೆಡೆ ಸೇರತೊಡಗಿದರು. ನಿಮ್ಮ ಆತ್ಮ ಹೇಗಿದೆ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಸಾಲ ತೀರಿಸುವ ಉಪಾಯವಾಗಿ ಬಂದದ್ದು ಮುಂದೆ ಮೆಥಡಿಸ್ಟರ ಬೆನ್ನೆಲುಬೇ ಆಯಿತು. ನನಗೆ ಇದರಲ್ಲಿ ಹಿಡಿಸುವುದು ವೆಸ್ಲಿಯವರ ಪ್ರಸಂಗಗಳಿಗಿಂತಲೂ ಆ ಹನ್ನೊಂದು ಬಡವರ ಹೊಣೆ ಹೊತ್ತವರ ಮಾತು.

ನಿಮಗೆ ಹನ್ನೆರಡು ಜನ ಬೇಡ. ಸಭೆಯಲ್ಲಿ, ಗುಟ್ಟು ಕಾಯಬಲ್ಲ, ನಿಮ್ಮನ್ನು ಹೊಗಳಲು ಅವಸರಪಡದ ಇಬ್ಬರು ಸಹೋದರಿಯರನ್ನು ಆರಿಸಿಕೊಳ್ಳಿ. ವಾರಕ್ಕೊಮ್ಮೆ ಮುಖಾಮುಖಿ ಸೇರಿ. ಆಗದ ವಾರ ಫೋನಿನಲ್ಲಾದರೂ ಸರಿ. ಹೋದ ವಾರ ಹೇಳಿಕೊಂಡದ್ದು ಏನಾಯಿತು ಎಂಬುದರಿಂದ ಶುರು ಮಾಡಿ. ಎಲ್ಲಿ ವಿಧೇಯಳಾದೆ, ಎಲ್ಲಿ ತಪ್ಪಿದೆ, ಈ ವಾರ ಯಾವುದಕ್ಕೆ ಹೆದರಿದ್ದೇನೆ ಎಂದು ಒಬ್ಬೊಬ್ಬರೂ ಹೇಳಿಕೊಂಡು, ಒಬ್ಬರಿಗೊಬ್ಬರು ಪ್ರಾರ್ಥನೆ ಮಾಡಿ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿಕೊಳ್ಳಿರಿ ಎಂದು ಯಾಕೋಬನು ಬರೆದದ್ದು ಇದನ್ನೇ. ಸಲಹೆ ಕೊಡುವ ಚಪಲ ಎಲ್ಲರಿಗೂ ಇರುತ್ತದೆ, ಕೇಳುವ ತನಕ ಕೊಡಬೇಡಿ.

ಒಂದು ಎಚ್ಚರಿಕೆ. ಹೊಣೆಗಾರಿಕೆಯ ಹೆಸರಿನಲ್ಲಿ ಒಬ್ಬರು ಇನ್ನೊಬ್ಬರ ಒಡೆಯರಾಗಿಬಿಡುವುದುಂಟು. 1970ರ ದಶಕದಲ್ಲಿ ಅಮೆರಿಕದಲ್ಲಿ ಹಬ್ಬಿದ ಒಂದು ಶಿಷ್ಯತ್ವ ಚಳವಳಿಯಲ್ಲಿ ಯಾರನ್ನು ಮದುವೆಯಾಗಬೇಕು, ಯಾವ ಕೆಲಸಕ್ಕೆ ಸೇರಬೇಕು ಎಂಬುದಕ್ಕೂ ಮೇಲಿನ ‘ಕುರುಬ’ನ ಒಪ್ಪಿಗೆ ಬೇಕಾಗುವಂತಾಯಿತು. ಎಷ್ಟೋ ಕುಟುಂಬಗಳು ನೊಂದವು. ಮುಂದೆ ಅದರ ನಾಯಕರಲ್ಲಿ ಒಬ್ಬರು ಬಹಿರಂಗವಾಗಿ ಕ್ಷಮೆ ಕೇಳಿದರು. ನಿಮಗಿರುವ ಬೋಧಕನು ಒಬ್ಬನೇ, ನೀವೆಲ್ಲರೂ ಸಹೋದರರು ಎಂಬ ಕರ್ತನ ಮಾತನ್ನು (ಮತ್ತಾಯ 23:8) ನಿಮ್ಮ ಮೂವರ ಕೂಟದಲ್ಲಿ ಮೊದಲ ದಿನವೇ ಓದಿ. ನಿಮ್ಮ ಪರವಾಗಿ ನಿರ್ಧಾರ ತೆಗೆದುಕೊಳ್ಳಲು ಹೊರಡುವವರಿಂದ, ಗಂಡನಿಗೂ ಹೇಳಬೇಡಿ ಎನ್ನುವವರಿಂದ ದೂರವಿರಿ.

ನೀವು ತಪ್ಪುತ್ತೀರಿ. ಮೇಲಧಿಕಾರಿ ಗದರಿಸಿದ ದಿನ ಕೈ ತಾನಾಗಿ ಹಳೆಯ ತಾರೀಖು ಬರೆದುಬಿಡಬಹುದು. ಆಗ ಯೋಹಾನನ ಸುವಾರ್ತೆಯ ಎರಡು ಬೆಂಕಿಗಳನ್ನು ನೆನೆಯಿರಿ. ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತಿದ್ದಾಗ ಪೇತ್ರ ನಾನು ಆತನ ಶಿಷ್ಯನಲ್ಲ ಎಂದ. ಹೌದು, ಅವನು ಅಲ್ಲಗಳೆದದ್ದು ‘ಶಿಷ್ಯ’ ಎಂಬ ಆ ಹೆಸರನ್ನೇ. ಪುನರುತ್ಥಾನವಾದ ಮೇಲೆ ಸಮುದ್ರದ ದಡದಲ್ಲಿ ಯೇಸು ಕೆಂಡ ಹೊತ್ತಿಸಿ, ಅದರ ಮೇಲೆ ಮೀನಿಟ್ಟು ಕಾದಿದ್ದ. ಇದ್ದಲ ಬೆಂಕಿಗೆ ಯೋಹಾನ ಬಳಸುವ ಆ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಅಲ್ಲಿ ಯೇಸು ಮೊದಲು ಊಟ ಬಡಿಸಿದನು. ನನ್ನನ್ನು ಪ್ರೀತಿಸುತ್ತೀಯಾ ಎಂಬ ಪ್ರಶ್ನೆ ಊಟವಾದ ಮೇಲೆ ಬಂತು. ಅದರ ಹಿಂದೆಯೇ ಕೆಲಸವೂ ಬಂತು: ನನ್ನ ಕುರಿಗಳನ್ನು ಮೇಯಿಸು.

ಈ ವಾರ ಮೂರನ್ನೂ ಒಟ್ಟಿಗೆ ಹಿಡಿಯಬೇಡಿ. ಇಬ್ಬರು ಸಹೋದರಿಯರನ್ನು ಹುಡುಕಿ, ಈ ಪತ್ರವನ್ನೇ ಅವರಿಗೆ ಓದಲು ಕೊಡಿ. ಮೇಲಧಿಕಾರಿಯ ಕೋಣೆಗೆ ನೀವು ಹೋಗುವ ಹೊತ್ತು ಯಾವುದೆಂದು ಅವರಿಗೆ ಮೊದಲೇ ತಿಳಿಸಿ, ಆ ಹೊತ್ತಿನಲ್ಲಿ ಅವರು ಪ್ರಾರ್ಥನೆಯಲ್ಲಿರಲಿ. ನನಗೂ ತಿಳಿಸಿದರೆ ನಾನೂ ಇರುತ್ತೇನೆ. ಏನಾಯಿತೆಂದು ಆಮೇಲೆ ಬರೆಯಿರಿ.